ಮುಟ್ಟದೆ ನಿಲ್ಲುವ ಕೈ: ಕ್ರೀಡೆ, ಪ್ರೇಮ ಮತ್ತು ಆತ್ಮಗೌರವದ ಮರುಗಳಿಕೆ ಕುರಿತು ಒಂದು ಸಂಶೋಧನಾ ಟಿಪ್ಪಣಿ

1. ಪ್ರಶ್ನೆ

ಬದುಕಿನಲ್ಲಿ ಪೆಟ್ಟು ತಿಂದು ತನ್ನ ಮೇಲಿನ ನಂಬಿಕೆಯನ್ನೇ ಕಳೆದುಕೊಂಡ ಹುಡುಗಿ. ಅವಳನ್ನು ಮೈದಾನಕ್ಕೆ ಕರೆತರುವ ಹುಡುಗ. ಸೋಲು, ಮುನಿಸು, ರಾಜಿ. ಕೊನೆಗೆ ಕೊರಳಿಗೆ ಪದಕ, ಅದರ ಹಿಂದೆಯೇ ತಾಳಿ. ಕ್ರೀಡೆಯನ್ನು ಹಿನ್ನೆಲೆಯಾಗಿಟ್ಟುಕೊಂಡ ಪ್ರೇಮಕಥೆಗಳ ಹಂದರ ಹೆಚ್ಚುಕಡಿಮೆ ಇದೇ. ಓದಲು ಹಿತ. ಆದರೆ ಅದರೊಳಗೆ ಒಂದು ಪ್ರಮೇಯ ಅಡಗಿದೆ: ಆತ್ಮಗೌರವವನ್ನು ಮರಳಿ ಕೊಡುವುದು ಪ್ರೇಮ, ಕ್ರೀಡೆ ಅದಕ್ಕೊಂದು ನೆಪ.

ಈ ಪ್ರಮೇಯ ಕನ್ನಡನಾಡಿನ ಕ್ರೀಡಾ ದಾಖಲೆಯ ಎದುರು ನಿಲ್ಲುತ್ತದೆಯೇ ಎಂಬುದು ಈ ಟಿಪ್ಪಣಿಯ ಪ್ರಶ್ನೆ. ಇಂಥ ಕಥೆಯೊಂದನ್ನು ಚನ್ನಪಟ್ಟಣ ತಾಲ್ಲೂಕಿನ ಅಕ್ಕೂರಿನಲ್ಲಿ ಇಟ್ಟು ಬರೆಯುವುದಾದರೆ ಯಾವುದು ನಿಜವಾಗಿ ಒಗ್ಗುತ್ತದೆ, ಯಾವುದು ಸುಳ್ಳಾಗಿ ಕೇಳಿಸುತ್ತದೆ ಎಂಬುದು ಅದಕ್ಕೆ ಹೊಂದಿಕೊಂಡ ಎರಡನೇ ಪ್ರಶ್ನೆ. ಆಧಾರವಾಗಿ ಬಳಸಿರುವುದು ಮೂರು ಬಗೆಯ ಸಾಮಗ್ರಿ: ಕನ್ನಡದ ಜನಪ್ರಿಯ ಕಾದಂಬರಿ ಮತ್ತು ಅದನ್ನು ಆಧರಿಸಿದ ಚಲನಚಿತ್ರ, ಪ್ಯಾರಾ (ಅಂಗವಿಕಲರ) ಕ್ರೀಡೆಗಳ ನಿಯಮಗಳು, ಹಾಗೂ ಸಾರ್ವಜನಿಕವಾಗಿ ದಾಖಲಾಗಿರುವ ಕ್ರೀಡಾಪಟುಗಳ ಜೀವನ. ಯಾರದೇ ಮನೆಯೊಳಗಿನ ಮಾತು ಈ ಟಿಪ್ಪಣಿಯ ವಿಷಯವಲ್ಲ.

2. ಕಾದಂಬರಿಯ ಕಡೆಯಿಂದ

ಮನಸ್ಸಿನ ಗಾಯವನ್ನು ಕನ್ನಡದ ಜನಪ್ರಿಯ ಕಾದಂಬರಿಗೆ ತಂದವರಲ್ಲಿ ತ್ರಿವೇಣಿ ಅವರ ಹೆಸರು ಮೊದಲ ಸಾಲಿನದು. 1928ರಲ್ಲಿ ಹುಟ್ಟಿ 1963ರಲ್ಲೇ ತೀರಿಕೊಂಡ ಅವರು ಮನಶ್ಶಾಸ್ತ್ರ ಓದಿದ್ದವರು. ಅವರ ಎರಡು ಕಾದಂಬರಿಗಳನ್ನು ಪುಟ್ಟಣ್ಣ ಕಣಗಾಲ್ ಕನ್ನಡ ತೆರೆಗೆ ತಂದರು: 1967ರಲ್ಲಿ 'ಬೆಳ್ಳಿಮೋಡ', 1971ರಲ್ಲಿ 'ಶರಪಂಜರ'. ಎರಡರಲ್ಲೂ ನಾಯಕಿ ಕಲ್ಪನಾ.

'ಶರಪಂಜರ'ದ ಕಾವೇರಿ ಮಾನಸಿಕ ಕಾಯಿಲೆಯಿಂದ ಗುಣವಾಗಿ ಮನೆಗೆ ಬರುತ್ತಾಳೆ. ವೈದ್ಯರ ಲೆಕ್ಕದಲ್ಲಿ ಅವಳು ಆರೋಗ್ಯವಂತೆ. ಮನೆಯವರ, ನೆರೆಯವರ ಕಣ್ಣಿನಲ್ಲಿ ಮಾತ್ರ ಇನ್ನೂ ಹುಚ್ಚಿ. ಅವಳು ಏನು ಮಾಡಿದರೂ ಅದು ಕಾಯಿಲೆಯ ಗುರುತಾಗಿಯೇ ಕಾಣುತ್ತದೆ. ತಾನು ಗುಣವಾಗಿದ್ದೇನೆಂದು ತೋರಿಸಲು, ಎಲ್ಲರೂ ಒಪ್ಪಲೇಬೇಕಾದ ಒಂದು ಅಳತೆಗೋಲು ಅವಳ ಕೈಯಲ್ಲಿಲ್ಲ. ಗಂಡನ ಪ್ರೀತಿಯೊಂದೇ ಸಾಕ್ಷಿಯಾಗಬೇಕಾದ ಕಡೆ ಆ ಸಾಕ್ಷಿ ಕೈಕೊಟ್ಟಾಗ ಅವಳಿಗೆ ನಿಲ್ಲಲು ನೆಲವೇ ಇಲ್ಲವಾಗುತ್ತದೆ.

'ಬೆಳ್ಳಿಮೋಡ' ಚಿತ್ರದ ಇಂದಿರೆಯದು ಇನ್ನೊಂದು ತುದಿ. ಆಸ್ತಿಗಾಗಿ ಅವಳನ್ನು ಒಪ್ಪಿದ್ದ ಮೋಹನ, ಅವಳಿಗೊಬ್ಬ ತಮ್ಮ ಹುಟ್ಟಿ ಆಸ್ತಿ ಕೈತಪ್ಪಿದೊಡನೆ ಹಿಂದೆ ಸರಿಯುತ್ತಾನೆ. ಮುಂದೆ ಕಾಲು ಮುರಿದುಕೊಂಡು ಮಲಗಿದ ಅವನಿಗೆ ಶುಶ್ರೂಷೆ ಮಾಡುವವಳು ಅವಳೇ. ಗುಣವಾದ ಮೇಲೆ ಅವನು ನಿಜವಾಗಿಯೇ ಪ್ರೀತಿಸಿ ಕೈ ಚಾಚುತ್ತಾನೆ. ಅವಳು ಒಲ್ಲೆ ಎನ್ನುತ್ತಾಳೆ. ಪ್ರೇಮಕಥೆಯ ಸಾಮಾನ್ಯ ಲೆಕ್ಕದಲ್ಲಿ ಇದು ಸುಖಾಂತವಲ್ಲ. ಅವಮಾನದಿಂದ ಎದ್ದ ಹೆಣ್ಣಿನ ಲೆಕ್ಕದಲ್ಲಿ ಇದು ಪೂರ್ಣ ಚೇತರಿಕೆ. ತನ್ನ ಬೆಲೆ ಕಟ್ಟುವ ಅಧಿಕಾರವನ್ನು ಅವಳು ಅವನಿಂದ ಹಿಂದಕ್ಕೆ ಪಡೆದಿದ್ದಾಳೆ.

ಹೀಗಾಗಿ 'ಪ್ರೀತಿ ಬಂದರೆ ಗಾಯ ಮಾಯುತ್ತದೆ' ಎಂಬ ಸೂತ್ರವನ್ನು ಕನ್ನಡದ ಓದುಗರು, ಅದರಲ್ಲೂ ಓದುಗಿತಿಯರು, ಅರವತ್ತರ ದಶಕದಲ್ಲೇ ಅನುಮಾನದಿಂದ ನೋಡಬಲ್ಲವರಾಗಿದ್ದರು. ಕ್ರೀಡಾಪ್ರೇಮದ ಕಥೆಯನ್ನು ಕನ್ನಡದಲ್ಲಿ ಬರೆಯುವವರಿಗೆ ಇದು ಬುನಾದಿ. ಕಾವೇರಿಗೆ ಸಿಗದೆಹೋದ ಅಳತೆಗೋಲನ್ನು ಕ್ರೀಡೆ ಕೊಡಬಲ್ಲದೇ ಎಂಬುದು ಇಲ್ಲಿಂದ ಹುಟ್ಟುವ ಪ್ರಶ್ನೆ.

3. ಬೆಂಚಿನ ಮೇಲಿನ ನ್ಯಾಯ

ಕ್ರೀಡೆಯನ್ನು ಪುನರ್ವಸತಿಯ ದಾರಿಯಾಗಿ ಮೊದಲು ವ್ಯವಸ್ಥಿತವಾಗಿ ಬಳಸಿದವರು ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯ ನರರೋಗ ತಜ್ಞ ಲುಡ್ವಿಗ್ ಗುಟ್‌ಮನ್. ಯುದ್ಧದಲ್ಲಿ ಬೆನ್ನುಹುರಿಗೆ ಪೆಟ್ಟಾದವರನ್ನು ಹಾಸಿಗೆಯಲ್ಲೇ ಬಿಟ್ಟು ಮರುಗುವ ರೂಢಿಯನ್ನು ಅವರು ಒಪ್ಪಲಿಲ್ಲ. 1948ರ ಜುಲೈ 29ರಂದು, ಲಂಡನ್ ಒಲಿಂಪಿಕ್ಸ್ ಆರಂಭವಾದ ದಿನವೇ, ಗಾಲಿಕುರ್ಚಿಯ 16 ಮಂದಿಗೆ ಬಿಲ್ವಿದ್ಯೆಯ ಸ್ಪರ್ಧೆ ಏರ್ಪಡಿಸಿದರು. ಇಂದಿನ ಪ್ಯಾರಾಲಿಂಪಿಕ್ಸ್‌ನ ಬೇರು ಅಲ್ಲಿದೆ.

ಆ ಕುಟುಂಬದ ಆಟಗಳಲ್ಲಿ ನಮ್ಮ ಪ್ರಶ್ನೆಗೆ ಅತ್ಯಂತ ಹತ್ತಿರವಾದದ್ದು ಪ್ಯಾರಾ ಪವರ್‌ಲಿಫ್ಟಿಂಗ್. 1964ರಲ್ಲಿ ಭಾರ ಎತ್ತುವ ಸ್ಪರ್ಧೆಯಾಗಿ ಆರಂಭವಾದ ಈ ವಿಭಾಗದಲ್ಲಿ ಮಹಿಳೆಯರಿಗೆ ಪ್ಯಾರಾಲಿಂಪಿಕ್ಸ್ ಬಾಗಿಲು ತೆರೆದದ್ದು 2000ದ ಸಿಡ್ನಿಯಲ್ಲಿ. ಆಟ ನೋಡಲು ಸರಳ. ಕ್ರೀಡಾಪಟು ಬೆಂಚಿನ ಮೇಲೆ ಅಂಗಾತ ಮಲಗುತ್ತಾರೆ. ನೆಲಕ್ಕೆ ಕಾಲೂರುವ ಮಾತಿಲ್ಲ. ಕಾಲುಗಳು ಬೆಂಚಿನ ಮೇಲೆಯೇ ಚಾಚಿರುತ್ತವೆ, ಬೇಕಾದರೆ ಪಟ್ಟಿಯಿಂದ ಬಿಗಿದಿರುತ್ತವೆ. ಭಾರ ಹಾಕಿದ ಸರಳನ್ನು, ಅಂದರೆ ಬಾರನ್ನು, ಎದೆಯ ಮೇಲೆ ಕೈಚಾಚಿ ಹಿಡಿದು, ಸೂಚನೆ ಬಂದ ಮೇಲೆ ಎದೆಗೆ ಇಳಿಸಿ, ಅಲ್ಲಿ ಅಲುಗದಂತೆ ನಿಲ್ಲಿಸಿ, ಎರಡೂ ಕೈ ಸಮವಾಗಿ ಏಳುವಂತೆ ಮೇಲಕ್ಕೆ ತಳ್ಳಬೇಕು. ಮೂವರು ತೀರ್ಪುಗಾರರಲ್ಲಿ ಇಬ್ಬರ ಬಿಳಿ ದೀಪ ಹೊತ್ತಿದರೆ ಎತ್ತಿದ್ದು ಲೆಕ್ಕಕ್ಕೆ. ಒಬ್ಬರಿಗೆ ಮೂರು ಅವಕಾಶ.

ಈ ನಿಯಮಗಳಲ್ಲಿ ನಮಗೆ ಮುಖ್ಯವಾದವು ಎರಡು. ಮೊದಲನೆಯದು ವರ್ಗೀಕರಣ. ಓಟ, ಈಜುಗಳಲ್ಲಿ ಅಂಗವೈಕಲ್ಯದ ಬಗೆ ಮತ್ತು ಪ್ರಮಾಣ ನೋಡಿ ಹಲವು ವರ್ಗಗಳಿವೆ. ಇಲ್ಲಿ ಅರ್ಹತೆಯ ಮಿತಿ ದಾಟಿದ ಮೇಲೆ ಎಲ್ಲರೂ ಒಂದೇ ವರ್ಗ; ವಿಂಗಡಣೆ ದೇಹತೂಕದಿಂದ ಮಾತ್ರ. ಪೋಲಿಯೊ ಆದವರು, ಅಪಘಾತದಲ್ಲಿ ಕಾಲು ಕಳೆದುಕೊಂಡವರು, ಬೆನ್ನುಹುರಿಗೆ ಪೆಟ್ಟಾದವರು ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. 'ನಿನಗೆ ಏನಾಯಿತು' ಎಂಬ ಪ್ರಶ್ನೆ ಅರ್ಹತಾ ಪರೀಕ್ಷೆಯ ಕೋಣೆಯಲ್ಲೇ ಮುಗಿದುಹೋಗುತ್ತದೆ. ವೇದಿಕೆಯ ಮೇಲೆ ಉಳಿಯುವುದು 'ಎಷ್ಟು ಕಿಲೊ' ಎಂಬುದೊಂದೇ.

ಎರಡನೆಯದು ಬಾರಿನ ಎರಡು ತುದಿಗೆ ನಿಲ್ಲುವ ಸಹಾಯಕರದ್ದು. ಜಿಮ್‌ಗಳಲ್ಲಿ ಇವರನ್ನು ಸ್ಪಾಟರ್ ಎನ್ನುತ್ತಾರೆ. ಬಾರು ಕೈತಪ್ಪಿದರೆ ಹಿಡಿಯಲು ಅವರು ಸದಾ ಸಿದ್ಧ. ಆದರೆ ಎತ್ತುವಿಕೆ ನಡೆಯುತ್ತಿರುವಾಗ ಅವರ ಬೆರಳು ಬಾರಿಗೆ ತಾಕಿದರೂ ಆ ಯತ್ನ ಅಸಿಂಧು. ಸಹಾಯ ಕೈಯಳತೆಯಲ್ಲೇ ಇರಬೇಕು, ಗೆಲುವಿನೊಳಗೆ ಮಾತ್ರ ಸೇರಕೂಡದು.

ಮನಶ್ಶಾಸ್ತ್ರದ ಒಂದು ವಾದವನ್ನು ಇದರ ಪಕ್ಕದಲ್ಲಿಟ್ಟು ನೋಡಬಹುದು. ಆಲ್ಬರ್ಟ್ ಬಂಡೂರ 1977ರಲ್ಲಿ 'ನನ್ನಿಂದ ಇದು ಆಗುತ್ತದೆ' ಎಂಬ ನಂಬಿಕೆಗೆ ನಾಲ್ಕು ಮೂಲಗಳನ್ನು ಗುರುತಿಸಿದರು: ಸ್ವತಃ ಮಾಡಿ ಗೆದ್ದ ಅನುಭವ, ತನ್ನಂಥವರು ಗೆದ್ದದ್ದನ್ನು ಕಂಡದ್ದು, ಇತರರ ಪ್ರೋತ್ಸಾಹದ ಮಾತು, ಮತ್ತು ದೇಹ-ಮನಸ್ಸುಗಳ ಆ ಹೊತ್ತಿನ ಸ್ಥಿತಿ. ಇವುಗಳಲ್ಲಿ ಎಲ್ಲಕ್ಕಿಂತ ಗಟ್ಟಿ ಮೊದಲನೆಯದು. ಪ್ರೇಮಕಥೆಯ ನಾಯಕ ಸಾಮಾನ್ಯವಾಗಿ ಕೆಲಸ ಮಾಡುವುದು ಮೂರನೆಯದರಲ್ಲಿ: 'ನೀನು ಚೆಲುವೆ, ನೀನು ಗಟ್ಟಿಗಿತ್ತಿ' ಎಂದು ನಂಬಿಸುವುದರಲ್ಲಿ. ಬೆಂಚು ಕೆಲಸ ಮಾಡುವುದು ಮೊದಲನೆಯದರಲ್ಲಿ. ಹೊಗಳಿಕೆಯನ್ನು ಗಾಯಗೊಂಡ ಮನಸ್ಸು ಕರುಣೆಯೆಂದು ತಳ್ಳಿಹಾಕಬಹುದು. ತಾನೇ ಎತ್ತಿದ ಕಿಲೊಗಳನ್ನು ಹಾಗೆ ತಳ್ಳಿಹಾಕುವುದು ಕಷ್ಟ.

4. ಪ್ರಕರಣ: ಸಕೀನಾ ಖಾತೂನ್ ಮತ್ತು ಫರ್ಮಾನ್ ಬಾಷಾ

ಈ ನಿಯಮಗಳ ನಡುವೆಯೇ ಬೆಳೆದ ಒಂದು ದಾಂಪತ್ಯ ಬೆಂಗಳೂರಿನಲ್ಲಿದೆ. ಫರ್ಮಾನ್ ಬಾಷಾ ಬೆಂಗಳೂರಿನವರು. ಎಳವೆಯಲ್ಲೇ ಪೋಲಿಯೊಗೆ ತುತ್ತಾದವರು. ಪ್ಯಾರಾ ಪವರ್‌ಲಿಫ್ಟಿಂಗ್‌ನಲ್ಲಿ ಭಾರತವನ್ನು ಪ್ರತಿನಿಧಿಸಿ ಅರ್ಜುನ ಪ್ರಶಸ್ತಿ ಪಡೆದರು. 2018ರ ಜಕಾರ್ತಾ ಏಷ್ಯನ್ ಪ್ಯಾರಾ ಕ್ರೀಡಾಕೂಟದ 49 ಕಿಲೊ ವಿಭಾಗದಲ್ಲಿ 128 ಕಿಲೊ ಎತ್ತಿ ಬೆಳ್ಳಿ ಗೆದ್ದರು. ತಮ್ಮ ದೇಹತೂಕದ ಎರಡೂವರೆ ಪಟ್ಟಿಗಿಂತ ಹೆಚ್ಚು.

ಸಕೀನಾ ಖಾತೂನ್ ಪಶ್ಚಿಮ ಬಂಗಾಳದ ಬಸಿರ್‌ಹಾಟ್ ಕಡೆಯವರು. ಅವರಿಗೂ ಬಾಲ್ಯದಲ್ಲಿ ಪೋಲಿಯೊ. ಮೊದಲು ಈಜಿನಲ್ಲಿದ್ದು, ಆಮೇಲೆ ಪವರ್‌ಲಿಫ್ಟಿಂಗ್‌ಗೆ ಬಂದರು. ಅದಕ್ಕಾಗಿ ಬೆಂಗಳೂರು ಸೇರಿ ಬಾಷಾ ಅವರಲ್ಲಿ ತರಬೇತಿ ಪಡೆದರು. 2014ರ ಗ್ಲಾಸ್ಗೊ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಕಂಚು, 2018ರ ಏಷ್ಯನ್ ಪ್ಯಾರಾ ಕ್ರೀಡಾಕೂಟದಲ್ಲಿ ಬೆಳ್ಳಿ. ಕೋವಿಡ್ ಕಾರಣದಿಂದ 2021ರಲ್ಲಿ ನಡೆದ ಟೋಕಿಯೊ ಪ್ಯಾರಾಲಿಂಪಿಕ್ಸ್‌ನ 50 ಕಿಲೊ ವಿಭಾಗದಲ್ಲಿ 93 ಕಿಲೊ ಎತ್ತಿ ಐದನೆಯವರಾದರು. ಪ್ಯಾರಾಲಿಂಪಿಕ್ಸ್‌ನ ಪವರ್‌ಲಿಫ್ಟಿಂಗ್‌ಗೆ ಭಾರತದಿಂದ ಹೋದ ಮೊದಲ ಮಹಿಳೆ ಅವರು. ತರಬೇತಿ ಕೊಟ್ಟ ಬಾಷಾ ಅವರೇ ಬಾಳಸಂಗಾತಿಯೂ ಆದರು.

ಸಾರ್ವಜನಿಕ ದಾಖಲೆಯಷ್ಟನ್ನೇ ಹಿಡಿದು ಈ ಪ್ರಕರಣದಿಂದ ಮೂರು ಸಂಗತಿಗಳನ್ನು ಗುರುತಿಸಬಹುದು.

ಒಂದು, ಕ್ರಮ. ಸಕೀನಾ ಬೆಂಗಳೂರಿಗೆ ಬಂದದ್ದು ಆಟಕ್ಕಾಗಿ. ಈಜಿನಿಂದ ಬಾರಿನ ಕಡೆಗೆ ತಿರುಗಿದ್ದೂ ಕ್ರೀಡಾಪಟುವಿನ ಲೆಕ್ಕಾಚಾರ. ಈ ಕಥೆಯ ಮೊದಲ ಹೆಜ್ಜೆ ಹೆಣ್ಣಿನದು, ಅದು ತನ್ನ ಗುರಿಯ ಕಡೆಗೆ ಇಟ್ಟ ಹೆಜ್ಜೆ.

ಎರಡು, ಸಮಾನತೆ. ತರಬೇತಿ ಕೊಡುವವರಿಗೂ ಪಡೆಯುವವರಿಗೂ ಒಂದೇ ಕಾಯಿಲೆಯ ನೆನಪಿದೆ, ಇಬ್ಬರೂ ಅದೇ ಬೆಂಚಿನ ಮೇಲೆ ಮಲಗಿದವರು. 'ಅಯ್ಯೋ ಪಾಪ' ಎನ್ನುವ ದನಿಗೆ ಇಲ್ಲಿ ಎಡೆಯಿಲ್ಲ. ಬಂಡೂರ ಹೇಳಿದ ಎರಡನೆಯ ಮೂಲ, ಅಂದರೆ ತನ್ನಂಥವರ ಗೆಲುವನ್ನು ಕಣ್ಣಾರೆ ಕಾಣುವುದು, ಎದುರಿಗೇ ಇದೆ.

ಮೂರು, ಐದನೆಯ ಸ್ಥಾನ. ಕಥೆಗಾರ ಬಹುಶಃ ಇದನ್ನು ಚಿನ್ನಕ್ಕೆ ಏರಿಸುತ್ತಿದ್ದ. ಆದರೆ 93 ಕಿಲೊ ಎಂಬುದು ಪದಕ ಬಂದರೂ ಬಾರದಿದ್ದರೂ 93 ಕಿಲೊ. ಆತ್ಮಗೌರವದ ದೃಷ್ಟಿಯಿಂದ ಕ್ರೀಡೆಯ ದೊಡ್ಡ ಉಪಕಾರ ಇದು: ಅದು ಗೆದ್ದವರಿಗೊಂದು ಪದಕ ಕೊಡುವುದರ ಜೊತೆಗೆ ಭಾಗವಹಿಸಿದ ಪ್ರತಿಯೊಬ್ಬರಿಗೂ ಅಲ್ಲಗಳೆಯಲಾಗದ ಒಂದು ಅಂಕಿ ಕೊಟ್ಟು ಕಳಿಸುತ್ತದೆ.

ಈ ಪೀಳಿಗೆಯ ಹಿನ್ನೆಲೆಯನ್ನೂ ಗಮನಿಸಬೇಕು. ಭಾರತದಲ್ಲಿ ವೈಲ್ಡ್ ಪೋಲಿಯೊದ ಕೊನೆಯ ಪ್ರಕರಣ ದಾಖಲಾದದ್ದು 2011ರ ಜನವರಿಯಲ್ಲಿ, ಪಶ್ಚಿಮ ಬಂಗಾಳದ ಹೌರಾದಲ್ಲಿ. 2014ರ ಮಾರ್ಚ್ 27ರಂದು ದೇಶ ಪೋಲಿಯೊಮುಕ್ತವೆಂಬ ಪ್ರಮಾಣಪತ್ರ ಪಡೆಯಿತು. ಸಕೀನಾ ಗ್ಲಾಸ್ಗೊದಲ್ಲಿ ಪದಕ ಗೆದ್ದದ್ದು ಅದಾದ ಕೆಲವೇ ತಿಂಗಳಲ್ಲಿ. ಮುಂದಿನ ಪೀಳಿಗೆಯ ಪ್ಯಾರಾ ಕ್ರೀಡಾಪಟುಗಳಲ್ಲಿ ರಸ್ತೆ ಅಪಘಾತ, ಬೆನ್ನುಹುರಿಯ ಪೆಟ್ಟುಗಳ ಪಾಲು ಹೆಚ್ಚುವುದು ಸಹಜ. ಪೋಲಿಯೊ ಆದ ಮಗುವಿಗೆ 'ಮೊದಲು' ಎಂಬ ನೆನಪಿಲ್ಲ. ಇಪ್ಪತ್ತರ ಹರೆಯದಲ್ಲಿ ಅಪಘಾತಕ್ಕೆ ಸಿಕ್ಕವರಿಗೆ ಅದೇ ದೊಡ್ಡ ನೋವು. ಕಥೆ ಬರೆಯುವವರು ಈ ಎರಡನ್ನೂ ಒಂದೇ ಎಳೆಯಲ್ಲಿ ನೇಯ್ದರೆ ಎಡವುತ್ತಾರೆ.

5. ಹೋಲಿಕೆಗೆ ಇನ್ನು ನಾಲ್ವರು

ಒಂದು ಪ್ರಕರಣದಿಂದ ಸಿದ್ಧಾಂತ ಕಟ್ಟಲಾಗದು. ಬೇರೆ ಬಗೆಯ ನಂಟುಗಳನ್ನು ಪಕ್ಕದಲ್ಲಿಟ್ಟು ನೋಡಬೇಕು.

ಹಾಸನದಲ್ಲಿ ಹುಟ್ಟಿ, ಸುರತ್ಕಲ್‌ನಲ್ಲಿ ಎಂಜಿನಿಯರಿಂಗ್ ಓದಿ, ಉತ್ತರ ಪ್ರದೇಶದಲ್ಲಿ ಐಎಎಸ್ ಅಧಿಕಾರಿಯಾದ ಸುಹಾಸ್ ಯತಿರಾಜ್ ಟೋಕಿಯೊ ಮತ್ತು 2024ರ ಪ್ಯಾರಿಸ್ ಎರಡೂ ಪ್ಯಾರಾಲಿಂಪಿಕ್ಸ್‌ಗಳಲ್ಲಿ ಬ್ಯಾಡ್ಮಿಂಟನ್ ಬೆಳ್ಳಿ ಗೆದ್ದರು. ಸ್ಪರ್ಧೆಗಿಳಿಯಲು ಪತ್ನಿಯ ಒತ್ತಾಸೆ ಇತ್ತೆಂಬುದು ಪತ್ರಿಕೆಗಳಲ್ಲಿ ಬಂದಿದೆ. ಇಲ್ಲಿ ಪ್ರೀತಿ ಮಾತಿನ ಮೂಲಕ ಕೆಲಸ ಮಾಡಿದೆ. ಆದರೆ ಆ ಮಾತು ಈಗಾಗಲೇ ತನ್ನ ಕಾಲ ಮೇಲೆ ನಿಂತಿದ್ದ ವ್ಯಕ್ತಿಗೆ ಸಿಕ್ಕ ತಳ್ಳು.

ಚಿಕ್ಕಮಗಳೂರು ಜಿಲ್ಲೆಯ ರಕ್ಷಿತಾ ರಾಜು ಅವರದು ಪ್ರಣಯವೇ ಇಲ್ಲದ ಆಳವಾದ ವಿಶ್ವಾಸದ ಕಥೆ. ದೃಷ್ಟಿಯಿಲ್ಲದ ಅವರು ಎಳವೆಯಲ್ಲೇ ತಂದೆತಾಯಿಯನ್ನು ಕಳೆದುಕೊಂಡು ಅಜ್ಜಿಯ ಆಸರೆಯಲ್ಲಿ ಬೆಳೆದರು. 2018ರ ಮತ್ತು 2023ರಲ್ಲಿ ಹಾಂಗ್‌ಝೌನಲ್ಲಿ ನಡೆದ ಏಷ್ಯನ್ ಪ್ಯಾರಾ ಕ್ರೀಡಾಕೂಟಗಳ ಟಿ11 ವಿಭಾಗದ 1500 ಮೀಟರ್ ಓಟದಲ್ಲಿ ಚಿನ್ನ ಗೆದ್ದರು. ಈ ವಿಭಾಗದಲ್ಲಿ ಎಲ್ಲರೂ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು, ಮಾರ್ಗದರ್ಶಕ ಓಟಗಾರರ ಕೈಗೆ ಚಿಕ್ಕ ಹಗ್ಗದಿಂದ ಬೆಸೆದುಕೊಂಡು ಓಡುತ್ತಾರೆ. ರಕ್ಷಿತಾ ಅವರ ಮಾರ್ಗದರ್ಶಕ ಓಟಗಾರ ರಾಹುಲ್ ಬಾಲಕೃಷ್ಣ. ಮಾರ್ಗದರ್ಶಕ ಎಳೆಯುವಂತಿಲ್ಲ, ತಳ್ಳುವಂತಿಲ್ಲ, ಅಂತಿಮ ಗೆರೆಯನ್ನು ಕ್ರೀಡಾಪಟುವಿಗಿಂತ ಮೊದಲು ದಾಟುವಂತಿಲ್ಲ. ಬೆಂಚಿನ ಪಕ್ಕದ ಸ್ಪಾಟರ್‌ಗೆ ಹಾಕಿದ ಗೆರೆಯೇ ಇಲ್ಲಿ ಟ್ರ್ಯಾಕಿನ ಮೇಲೆ ಇನ್ನೊಂದು ರೂಪದಲ್ಲಿದೆ.

ಮಾಲತಿ ಕೃಷ್ಣಮೂರ್ತಿ ಹೊಳ್ಳ ಅವರಿಗೆ ವರ್ಷ ತುಂಬಿದ ಸ್ವಲ್ಪದರಲ್ಲೇ ಪೋಲಿಯೊ. ಮೂವತ್ತಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆ. ಬ್ಯಾಂಕ್ ನೌಕರಿ, ಗಾಲಿಕುರ್ಚಿ ಓಟ ಮತ್ತು ಎಸೆತಗಳಲ್ಲಿ ನೂರಾರು ಪದಕ, ಅರ್ಜುನ ಪ್ರಶಸ್ತಿ, 2001ರಲ್ಲಿ ಪದ್ಮಶ್ರೀ. ಗಳಿಸಿದ್ದನ್ನು ಅವರು ತಿರುಗಿಸಿದ್ದು ಮಾತೃ ಫೌಂಡೇಶನ್ ಮೂಲಕ ಅಂಗವಿಕಲ ಮಕ್ಕಳ ಆಸರೆಯ ಕಡೆಗೆ. ನಾಯಕ ಬಂದು ಕೈಹಿಡಿಯಲೇಬೇಕೆಂಬ ಹಂದರಕ್ಕೆ ಈ ಜೀವನ ಒಗ್ಗುವುದಿಲ್ಲ. ಚೇತರಿಕೆ ಮಾತ್ರ ಇಲ್ಲಿ ಸಂಪೂರ್ಣ.

ಹೊರನಾಡಿನ ಹೋಲಿಕೆಗೆ ಅಮೆರಿಕದ ಹಂಟರ್ ವುಡ್‌ಹಾಲ್. ಹುಟ್ಟಿನಿಂದ ಬಂದ ತೊಂದರೆಯಿಂದ ಎಳೆಗೂಸಾಗಿದ್ದಾಗಲೇ ಎರಡೂ ಕಾಲು ಕಳೆದುಕೊಂಡ ಅವರು 2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನ 400 ಮೀಟರ್ ಓಟದಲ್ಲಿ ಚಿನ್ನ ಗೆದ್ದರು. ಅದಕ್ಕೆ ಕೆಲವೇ ವಾರ ಮೊದಲು ಅದೇ ಊರಿನ ಒಲಿಂಪಿಕ್ಸ್‌ನಲ್ಲಿ ಅವರ ಪತ್ನಿ ಟಾರಾ ಡೇವಿಸ್ ವುಡ್‌ಹಾಲ್ ಉದ್ದಜಿಗಿತದ ಚಿನ್ನ ಗೆದ್ದಿದ್ದರು. ಜಗತ್ತು ಇದನ್ನು ಸಿಹಿಯಾದ ಪ್ರೇಮಕಥೆಯೆಂದು ಸಂಭ್ರಮಿಸಿತು. ಅದರ ಸಿಹಿ ಇರುವುದು ಇಬ್ಬರೂ ತಮ್ಮ ತಮ್ಮ ಅಳತೆಪಟ್ಟಿಯ ಎದುರು ಒಂಟಿಯಾಗಿ ನಿಂತು ಗೆದ್ದುದರಲ್ಲಿ.

6. ಒಂದು ಎಚ್ಚರ

ತರಬೇತುದಾರ ಮತ್ತು ಶಿಷ್ಯೆಯ ಪ್ರೇಮ ಕಥೆಗಳಲ್ಲಿ ಎಷ್ಟು ಪ್ರಿಯವೋ ವಾಸ್ತವದಲ್ಲಿ ಅಷ್ಟೇ ಸೂಕ್ಷ್ಮ. ಆಯ್ಕೆ, ಅವಕಾಶ, ಪ್ರವಾಸ ಎಲ್ಲವೂ ಒಬ್ಬರ ಕೈಯಲ್ಲಿದ್ದಾಗ ಇನ್ನೊಬ್ಬರ ಒಪ್ಪಿಗೆ ಎಷ್ಟು ಸ್ವತಂತ್ರ ಎಂಬ ಪ್ರಶ್ನೆ ಏಳುತ್ತದೆ. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಕ್ರೀಡಾ ಸಂಸ್ಥೆ, ಕ್ರೀಡಾಂಗಣ, ತರಬೇತಿ ಮತ್ತು ಸ್ಪರ್ಧೆಯ ತಾಣಗಳನ್ನೂ 'ಕೆಲಸದ ಸ್ಥಳ' ಎಂದೇ ಪರಿಗಣಿಸಿದೆ. ಈಗಾಗಲೇ ಮನಸ್ಸಿಗೆ ಗಾಯವಾಗಿರುವ ನಾಯಕಿಯ ಕಥೆಯಲ್ಲಿ ಈ ಎಚ್ಚರ ಇಮ್ಮಡಿಯಾಗಬೇಕು. ನಾಯಕ ಸಹ ಆಟಗಾರನಾಗಿದ್ದು, ನಾಯಕಿಗೆ 'ಬೇಡ' ಎನ್ನುವ ದಾರಿ ತೆರೆದಿದ್ದರೆ, ಆಟದ ಅವಕಾಶ ಪ್ರೀತಿಯ ಮೇಲೆ ನಿಲ್ಲದಿದ್ದರೆ, ಕಥೆ ಮಾಧುರ್ಯವನ್ನು ಉಳಿಸಿಕೊಳ್ಳುತ್ತದೆ. ಇಂದಿರೆಯ 'ಒಲ್ಲೆ' ಈ ನಾಯಕಿಗೂ ಲಭ್ಯವಿರಬೇಕು. ಆಗ ಮಾತ್ರ ಅವಳ 'ಹೂಂ'ಗೆ ಬೆಲೆ.

7. ಅಕ್ಕೂರಿನಿಂದ ನೋಡಿದರೆ

2007ರಲ್ಲಿ ಬೆಂಗಳೂರು ಗ್ರಾಮಾಂತರದಿಂದ ಬೇರ್ಪಟ್ಟು 2025ರವರೆಗೆ ರಾಮನಗರ ಜಿಲ್ಲೆ ಎನಿಸಿದ್ದ ಜಿಲ್ಲೆಯ ಚನ್ನಪಟ್ಟಣ ಬೆಂಗಳೂರಿಗೆ ಸುಮಾರು 60 ಕಿಲೊಮೀಟರ್. ಅಲ್ಲಿಂದ ರೈಲಿದೆ, ಬಸ್ಸಿದೆ. ಆದರೂ ಅಕ್ಕೂರಿನಂಥ ಊರಿನ ಅಂಗವಿಕಲ ಹುಡುಗಿಗೆ ಚನ್ನಪಟ್ಟಣದವರೆಗಿನ ದಾರಿಯೇ ಮೊದಲ ಪರೀಕ್ಷೆ: ಕಾಲಿಗೆ ಆಧಾರದ ಕ್ಯಾಲಿಪರ್ ಹಾಕಿಕೊಂಡು ಬಸ್ಸಿನ ಮೆಟ್ಟಿಲು ಹತ್ತುವುದು, ದಿನಾ ಯಾರು ಜೊತೆಗೆ ಬರುತ್ತಾರೆ, ಕೂಲಿ ಬಿಟ್ಟು ಬಂದವರ ಅಂದಿನ ಸಂಪಾದನೆಯ ಗತಿ ಏನು. ಅಲ್ಲಿ ಕಥೆಯ ನಿಜವಾದ ಸಂಘರ್ಷವಿದೆ. ರೇಷ್ಮೆ ಹುಳು ಹಣ್ಣಾಗುವ ದಿನಗಳಲ್ಲಿ ಮನೆಯ ಒಂದು ಕೈಯನ್ನೂ ಬಿಟ್ಟುಕೊಡಲಾಗದ ಸೀಮೆ ಇದು.

ಪವರ್‌ಲಿಫ್ಟಿಂಗ್‌ಗೆ ಮೈದಾನ ಬೇಡ. 2.1 ಮೀಟರ್ ಉದ್ದ, 61 ಸೆಂಟಿಮೀಟರ್ ಅಗಲದ ಗಟ್ಟಿ ಬೆಂಚು, 20 ಕಿಲೊ ಬಾರು, ತಟ್ಟೆಗಳು, ಪಕ್ಕದಲ್ಲಿ ನಿಲ್ಲುವ ಇಬ್ಬರು. ಶಾಲೆಯ ಒಂದು ಕೋಣೆ ಸಾಕು. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಾಲ್ಲೂಕಿಗೆ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಇರುವ ವ್ಯವಸ್ಥೆ ಕರ್ನಾಟಕದಲ್ಲಿದೆ. ಪಿಂಚಣಿ, ಗುರುತಿನ ಚೀಟಿ, ಸಾಧನ ಸಲಕರಣೆಗಳ ಅರ್ಜಿ ಸಾಗುವುದು ಇವರ ಮೂಲಕ. ಇವರೂ ಹೆಚ್ಚಾಗಿ ಅಂಗವಿಕಲರೇ. ಊರಿನ ಹುಡುಗಿಗೆ 'ಇಂಥದೊಂದು ಆಟ ಇದೆ' ಎಂದು ಮೊದಲು ಹೇಳುವ ಪಾತ್ರ ಕಥೆಗೆ ಬೇಕಾದರೆ, ಪಟ್ಟಣದಿಂದ ಬೈಕಿನಲ್ಲಿ ಬಂದಿಳಿಯುವ ನಾಯಕನಿಗಿಂತ ಈ ಕಾರ್ಯಕರ್ತೆ ಹೆಚ್ಚು ನಿಜ.

ಸರ್ಕಾರದ ಇನ್ನೊಂದು ಯೋಜನೆ ನಮ್ಮ ವಾದಕ್ಕೆ ನೇರವಾಗಿ ತಾಕುತ್ತದೆ. ಅಂಗವಿಕಲರನ್ನು ಮದುವೆಯಾಗುವ ಅಂಗವಿಕಲರಲ್ಲದವರಿಗೆ ರಾಜ್ಯ ಸರ್ಕಾರ 50,000 ರೂಪಾಯಿ ಪ್ರೋತ್ಸಾಹಧನ ಕೊಡುವ ವ್ಯವಸ್ಥೆ ಮಾಡಿತು. ಉದ್ದೇಶ ಒಳ್ಳೆಯದೇ, ಹಲವು ಜೋಡಿಗಳ ಸಂಸಾರಕ್ಕೆ ಅದು ಆಸರೆಯಾಗಿರಬಹುದು. ಆದರೆ ಆರಂಭದ ಆ ರೂಪದಲ್ಲಿ ಯೋಜನೆಯ ಕಲ್ಪನೆಯೂ ಪ್ರೇಮಕಥೆಯ ಕಲ್ಪನೆಯೂ ಒಂದೇ: ಒಬ್ಬರು ಕೈ ಚಾಚುವವರು, ಇನ್ನೊಬ್ಬರು ಹಿಡಿಯುವವರು, ಕೈ ಚಾಚಿದವರಿಗೆ ಬಹುಮಾನ. ಇಬ್ಬರೂ ಅಂಗವಿಕಲರಾಗಿರುವ, ಇಬ್ಬರೂ ಸಾಧಕರಾಗಿರುವ ಬಾಷಾ–ಸಕೀನಾ ಅವರಂಥ ದಾಂಪತ್ಯ ಆ ಚೌಕಟ್ಟಿನ ಹೊರಗೇ ಉಳಿಯುತ್ತಿತ್ತು.

8. ತೀರ್ಮಾನ

ಮೇಲಿನ ಪ್ರಕರಣಗಳು ಪ್ರೇಮದ ಬೆಲೆಯನ್ನು ತಗ್ಗಿಸುವುದಿಲ್ಲ, ಅದರ ಜಾಗವನ್ನು ಗುರುತಿಸುತ್ತವೆ. ಆಘಾತದ ನಂತರ ಕಳೆದುಹೋಗುವುದು ಪ್ರೀತಿಸಲ್ಪಡುವ ಅರ್ಹತೆಯ ಭಾವ ಮಾತ್ರವಲ್ಲ. ತನ್ನಿಂದ ಏನಾದರೂ ಆಗುತ್ತದೆಂಬ ನಂಬಿಕೆಯೂ ಹೋಗುತ್ತದೆ. ಎರಡನೆಯದನ್ನು ಬೇರೊಬ್ಬರು ತಂದುಕೊಡಲಾರರು. ಅದನ್ನು ಗಳಿಸುವ ಹೊತ್ತಿನಲ್ಲಿ ಪಕ್ಕದಲ್ಲಿ ನಿಂತು, ತಟ್ಟೆ ಹಾಕಿ, ಬೀಳುವುದಾದರೆ ಹಿಡಿಯಲು ಕೈ ಸಿದ್ಧವಿಟ್ಟುಕೊಂಡು, ಎತ್ತುವಾಗ ಮಾತ್ರ ಮುಟ್ಟದೆ ಇರುವುದು ಪ್ರೇಮದ ಕೆಲಸ. ಕ್ರೀಡೆಯ ನಿಯಮ ಪುಸ್ತಕಗಳು ಈ ಗೆರೆಯನ್ನು ಕಾದಂಬರಿಗಳಿಗಿಂತ ಸ್ಪಷ್ಟವಾಗಿ ಎಳೆದಿವೆ.

ಮುಂದಿನ ಕೆಲಸಕ್ಕೆ ಒಂದು ಸಲಹೆ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳಲ್ಲಿ ಅಂಗವಿಕಲ ಕ್ರೀಡಾಪಟುಗಳ ಮೌಖಿಕ ಚರಿತ್ರೆ ಸಂಗ್ರಹವಾಗಬೇಕು. ಸಂದರ್ಶಕರು 'ನಿಮಗೆ ಯಾರು ಬೆಂಬಲ ಕೊಟ್ಟರು' ಎಂದು ಶುರುಮಾಡಿದರೆ ಉತ್ತರವೂ ಕೃತಜ್ಞತೆಯ ಪಟ್ಟಿಯಾಗಿ ಬರುತ್ತದೆ. 'ನೀವು ಮೊದಲ ಸಲ ನಿಮ್ಮದೇ ಹಿಂದಿನ ಅಳತೆಯನ್ನು ಮೀರಿದ್ದು ಎಂದು, ಎಷ್ಟರಿಂದ, ಆಗ ಅಲ್ಲಿ ಯಾರಿದ್ದರು, ಅವರು ಏನು ಮಾಡುತ್ತಿದ್ದರು' ಎಂದು ಕೇಳಬೇಕು. ಅಕ್ಕೂರಿನ ಪ್ರೇಮಕಥೆ ಬರೆಯುವವರಿಗೂ ಈ ನಾಲ್ಕು ಪ್ರಶ್ನೆಗಳ ಉತ್ತರವೇ ಕಥೆಯ ಬೆನ್ನೆಲುಬು.